ಇಸ್ತ್ರಿ ಹಾಕಿದ ಪಟ್ಟಿ

ಪ್ರಸನ್ನಲಕ್ಷ್ಮಿಯ ಕೈಯಿಂದ ಇಸ್ತ್ರಿ ಕಾಣದ ಬಟ್ಟೆ ಹೊರಗೆ ಹೋದದ್ದೇ ಇಲ್ಲ. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಮನೆಗಳಿಗೇನು ಬರವೇ? ಉಳಿದವರೆಲ್ಲ ಹೊಲಿದು, ದಾರ ಕತ್ತರಿಸಿ, ಗಂಟು ಕಟ್ಟಿ ಬಿಸಾಕಿದರೆ ಕೆಲಸ ಮುಗಿಯಿತು. ಇವಳು ಹಾಗಲ್ಲ. ಹರಿದ ಲುಂಗಿಗೆ ತೇಪೆ ಹಾಕಿಕೊಟ್ಟರೂ ಅದರ ಮೇಲೊಮ್ಮೆ ಇಸ್ತ್ರಿಪೆಟ್ಟಿಗೆ ಆಡಿಸಿ, ಮಡಿಸಿ, ಅಂಗೈಯಿಂದ ಸವರಿಯೇ ಕೊಡುವವಳು. "ನಮ್ಮಕ್ಕ ಹಾಕಿದ ತೇಪೀನೂ ಮದುವಿ ಮನೀಗೆ ಹೊಂಟಂಗ ಇರ್ತೈತಿ" ಎಂದು ತಮ್ಮ ಶಶಿ ಗೇಲಿ ಮಾಡುತ್ತಿದ್ದ.

ತಮ್ಮ ಅನ್ನುವುದು ಹೆಸರಿಗಷ್ಟೇ. ತಾಯಿ ತೀರಿಕೊಂಡಾಗ ಅವನ ಹಾಲುಹಲ್ಲು ಇನ್ನೂ ಬಿದ್ದಿರಲಿಲ್ಲ. ಅನ್ನ ಕಲಸಿ ಉಣ್ಣಿಸಿ ಬೆಳೆಸಿದವಳು ಇವಳೇ. ಮದುವೆಯಾಗಿ ಬರುವಾಗ ಹೊಲಿಗೆ ಮಿಷಿನ್ನಿನ ಜೊತೆ ಅವನನ್ನೂ ಕರೆದುಕೊಂಡು ಬಂದಳು. ಗಂಡ ಚೌಡೇಶ ಒಳ್ಳೆಯ ಮನುಷ್ಯ, ಅದಕ್ಕೊಂದು ಮಾತು ಆಡಲಿಲ್ಲ. ಈಗ ಭಾವ, ಭಾವಮೈದುನ ಇಬ್ಬರೂ ಊರಾಚೆ ಜೀನ್ಸ್ ತೊಳೆಯುವ ಫ್ಯಾಕ್ಟರಿಯಲ್ಲಿ ಜೊತೆಗೇ ದುಡಿಯುತ್ತಿದ್ದರು.

ಪ್ಯಾಂಟುಗಳ ಬಣ್ಣ ತೊಳೆದ ನೀರು ಫ್ಯಾಕ್ಟರಿಯ ಹಿಂದಿನ ಆಳವಾದ ತೊಟ್ಟಿಗೆ ಹೋಗಿ ಬೀಳುತ್ತದೆ. ಆಗಾಗ ಯಾರಾದರೂ ಇಳಿದು ತಳದ ರಾಡಿ ಎತ್ತಬೇಕು. ಅಲ್ಲಿ ಏಳುವುದು ಕೊಳೆತ ಮೊಟ್ಟೆಯ ನಾತ. ನಾತ ಬರುವಷ್ಟು ಹೊತ್ತು ಹೇಗೋ ನಡೆಯುತ್ತದೆ. ವಿಷ ಹೆಚ್ಚಾದರೆ ಮೂಗೇ ಸತ್ತುಹೋಗುತ್ತದೆ. ನಾತ ಹೋಯಿತಲ್ಲ ಎಂದು ಇಳಿದವನು ಮತ್ತೆ ಮೇಲೆ ಬರುವುದಿಲ್ಲ. ಇದು ಮಾಲೀಕರಿಗೂ ಗೊತ್ತು, ಆಳುಗಳಿಗೂ ಗೊತ್ತು. ಗೊತ್ತಿದ್ದು ಯಾರಿಗೆ ಏನು ಬಂತು?

ಅಂಥ ತೊಟ್ಟಿಗಳಿಗಾಗಿಯೇ ಅನಂತಪುರದ ಕಾಲೇಜೊಂದರಿಂದ ನೇತ್ರಾ ಮೇಡಂ ಒಂದು ಹೊಸ ವಸ್ತು ತಂದಳು. ಪಕ್ಕದ ಕಣೇಕಲ್ಲಿನ ಹುಡುಗಿ, ಮೇಡಂ ಆಗಿದ್ದರೂ ಮಾತು ನಮ್ಮದೇ. ಅವಳು ತಂದದ್ದು ಬೆರಳಗಲದ ತೆಳು ಪಟ್ಟಿ, ಬಗ್ಗಿಸಿದತ್ತ ಬಗ್ಗುತ್ತದೆ. ಲಗ್ನಪತ್ರಿಕೆ ಅಚ್ಚು ಹಾಕಿದ ಹಾಗೆ ಅದರ ಮೇಲೆ ಬೆಳ್ಳಿ ಮಸಿಯ ಗೆರೆಗಳು, ನಡುವೆ ಕಪ್ಪು ಮಸಿಯದೊಂದು ಚೌಕ. ಆ ಕಪ್ಪು ಮಸಿಗೆ ವಿಷಗಾಳಿ ತಾಗಿತೋ, ಪಟ್ಟಿಯ ತುದಿಗೆ ಸಿಕ್ಕಿಸಿದ ಗುಂಡಿಯಂಥ ದೀಪ ಹಸಿರಿನಿಂದ ಕೆಂಪಾಗುತ್ತದೆ.

"ಕೆಂಪಾದ್ರ ಯಾರೂ ಇಳೀಬ್ಯಾಡ್ರಿ, ಅಷ್ಟ. ಬಟ್ಟೆ ಒಗೆಯೋ ಮುಂದ ದೀಪ, ಪಟ್ಟಿ ಎರಡೂ ಬಿಚ್ಚಿಡ್ರಿ" ಎಂದಳು. ಇಸ್ತ್ರಿಯ ಬಗ್ಗೆ ಅವಳು ಹೇಳಲಿಲ್ಲ. ಬಸ್ಸಿನಲ್ಲಿ ಮುದುಡಿದ ಚೂಡಿದಾರದಲ್ಲೇ ಬಂದಿಳಿದ ಹುಡುಗಿಗೆ ಇಸ್ತ್ರಿಯ ನೆನಪು ಎಲ್ಲಿಂದ ಬರಬೇಕು?

ರಾಡಿ ಎತ್ತುವ ನಾಲ್ವರ ಅಂಗಿಗಳಿಗೆ ಪಟ್ಟಿ ಹೊಲಿಯುವ ಕೆಲಸ ಪ್ರಸನ್ನಲಕ್ಷ್ಮಿಗೆ ಬಂತು. ಎದೆಯ ಮೇಲೆ ಪಟ್ಟಿ ಇಟ್ಟು, ಕಪ್ಪು ಚೌಕಕ್ಕೆ ಸೂಜಿ ತಾಗದ ಹಾಗೆ ನಾಲ್ಕೂ ಅಂಚು ಹೊಲಿದಳು. ಆಮೇಲೆ ಎಂದಿನಂತೆ ಪಟ್ಟಿಯ ಮೇಲೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಹಾಕಿದಳು. ತಮ್ಮನ ಅಂಗಿಗೆ ಮೊದಲು, ಅದೂ ಎರಡೆರಡು ಸಲ. ಇನ್ನಿಬ್ಬರದು ಮುಗಿಸುವಷ್ಟರಲ್ಲಿ ಕರೆಂಟು ಹೋಯಿತು. ಉಳಿದದ್ದು ಗಂಡನ ಅಂಗಿ, ನಡೆಯುತ್ತದೆ ಎಂದು ಮುದುಡಿದ್ದನ್ನೇ ಕೊಟ್ಟಳು. ದೀಪ ಸಿಕ್ಕಿಸಿದಾಗ ನಾಲ್ಕೂ ಹಸಿರಾಗಿಯೇ ಉರಿದವು. ಅವಳಿಗೆ ಎಷ್ಟು ಹೆಮ್ಮೆಯಾಯಿತೆಂದರೆ ಪಕ್ಕದ ಮನೆಯ ಕೊಟ್ರಮ್ಮನನ್ನು ಕರೆದು ತೋರಿಸಿದಳು.

ಆಮೇಲೆ ನಡೆದದ್ದನ್ನು ಚೌಡೇಶ ಹೇಳಿದ್ದು ಒಂದೇ ಸಲ. ತೊಟ್ಟಿಯ ಬಾಯಿಯಲ್ಲಿ ನಾಲ್ವರೂ ನಿಂತಾಗ ಅವನ ಎದೆಯ ದೀಪವೊಂದೇ ಕೆಂಪಾಯಿತು. "ಇಳೀಬ್ಯಾಡ್ರೋ" ಎಂದ. ಉಳಿದ ಮೂವರ ದೀಪಗಳು ಹಸಿರಾಗಿಯೇ ಇದ್ದವು.

"ಮಾಮ, ನಿಂದು ಕೆಟ್ಟೈತಿ. ನಮ್ಮ ಮೂರೂ ಸುಳ್ಳು ಹೇಳ್ತಾವೇನು?" ಎಂದು ನಕ್ಕು, ಶಶಿ ಇಳಿದ.

ಅರ್ಧ ಏಣಿಯಲ್ಲೇ ಅವನ ಕೈ ಬಿಟ್ಟುಹೋಯಿತು. ಹಿಂದೆಯೇ ಇಳಿಯಲು ಹೋದ ಚೌಡೇಶನನ್ನು ಉಳಿದಿಬ್ಬರು ಸೊಂಟ ಹಿಡಿದು ಎಳೆದರು. ಕೊಕ್ಕೆ ಹಾಕಿ ಶಶಿಯನ್ನು ಮೇಲೆತ್ತಿದಾಗ ಅವನ ಎದೆಯ ಮೇಲಿನ ದೀಪ ರಾಡಿಯೊಳಗಿಂದಲೂ ಹಸಿರಾಗಿಯೇ ಕಾಣುತ್ತಿತ್ತಂತೆ.

ಫ್ಯಾಕ್ಟರಿಯ ಮ್ಯಾನೇಜರ್ ಆ ಹಸಿರನ್ನೇ ಹಿಡಿದುಕೊಂಡ. ಗಾಳಿಯಲ್ಲಿ ವಿಷವಿರಲಿಲ್ಲ, ಹುಡುಗ ಕುಡಿದು ಬಂದು ಬಿದ್ದ ಎಂದು ಊರೆಲ್ಲ ಸಾರಿದ. ಜನ್ಮದಲ್ಲಿ ಹೆಂಡ ಮುಟ್ಟದವನನ್ನು ಸತ್ತ ಮೇಲೆ ಕುಡುಕನನ್ನಾಗಿ ಮಾಡಿಟ್ಟರು.

ಸುದ್ದಿ ಕೇಳಿ ನೇತ್ರಾ ಓಡಿಬಂದಳು. ಪ್ರಸನ್ನಲಕ್ಷ್ಮಿಯ ಮನೆಯಂಗಳದಲ್ಲೇ ನಾಲ್ಕೂ ಅಂಗಿ ಹರಡಿ, ಒಂದೊಂದಕ್ಕೂ ಅದೇ ವಿಷಗಾಳಿ ತುಂಬಿದ ಸಣ್ಣ ಶೀಶೆಯೊಂದರ ಬಾಯಿ ಹಿಡಿದಳು. ಚೌಡೇಶನದು ಕೆಂಪಾಯಿತು. ಮೂರು ಹಸಿರಾಗಿಯೇ ಉಳಿದವು. ಕಪ್ಪು ಚೌಕವನ್ನು ಬೆಳಕಿಗೆ ಹಿಡಿದು ನೋಡಿದವಳ ಮುಖ ಬಿಳಿಚಿತು.

"ಮಸಿಗೆ ಕಾವು ತಾಗೇತಿ. ಇನ್ನು ಇದಕ್ಕ ಏನೂ ತಿಳಿಯಂಗಿಲ್ಲ, ದೀಪ ಹಸರು ಉರೀತಿರ್ತೈತಿ. ಅಕ್ಕಾರ, ಇವಕ್ಕ ಇಸ್ತ್ರಿ ಹಾಕಿದ್ರೇನು?"

ಪ್ರಸನ್ನಲಕ್ಷ್ಮಿ ಅಂಗಿಗಳ ಕಡೆ ನೋಡಿದಳು. ಶಶಿಯದು ರಾಡಿಯಲ್ಲಿ ನೆಂದಿತ್ತು, ಇನ್ನಿಬ್ಬರ ಅಂಗಿಗಳ ಇಸ್ತ್ರಿಯ ಗೆರೆ ಇನ್ನೂ ಮಾಸಿರಲಿಲ್ಲ. ಶಶಿಯ ಅಂಗಿಗೆ ಎರಡೆರಡು ಸಲ ಹಾಕಿದ್ದು ನೆನಪಾಗಿ, ತಾನು ಹುಟ್ಟಲೇಬಾರದಿತ್ತು ಅನ್ನಿಸಿತು. "ತಪ್ಪು ನಂದು, ನಾ ಹೇಳಬೇಕಿತ್ತು" ಎಂದು ನೇತ್ರಾ ಅಳುತ್ತಲೇ ಇದ್ದಳು. ಯಾರದ್ದಾದರೇನು, ಹೋದವನು ಬರುತ್ತಾನೆಯೇ?

ಕುಡುಕನೆಂಬ ಹೆಸರನ್ನಾದರೂ ಅಳಿಸೋಣವೆಂದು ಪ್ರಸನ್ನಲಕ್ಷ್ಮಿ ಫ್ಯಾಕ್ಟರಿಗೆ ಹೋಗಿ, ಎಲ್ಲರ ಎದುರು ನಿಂತು, "ನನ್ನ ತಮ್ಮ ಕುಡಿದಿರಲಿಲ್ರಿ. ಪಟ್ಟಿ ಸುಟ್ಟಾಕಿ ನಾನ" ಎಂದಳು. ಮ್ಯಾನೇಜರನ ಮುಖ ಅರಳಿದ್ದನ್ನು ಅವಳು ಸಾಯುವವರೆಗೂ ಮರೆಯಲಾರಳು. "ಕೇಳಿದ್ರೇನ್ರಿ? ಅವರಕ್ಕನ ಒಪ್ಪಿಕೊಂಡ್ಳು. ಇನ್ನ ಫ್ಯಾಕ್ಟರಿ ಮ್ಯಾಲ ಮಾತಿಲ್ಲ" ಎಂದ. ಕುಡುಕನೆಂಬ ಹೆಸರೂ ಅಳಿಯಲಿಲ್ಲ, ಕೊಂದವಳೆಂಬ ಹೆಸರು ಮೇಲೆ ಬಂತು.

ನೇತ್ರಾ ಹೊಸ ಪಟ್ಟಿಗಳನ್ನು ಕಳಿಸಿದಳು. ಇಸ್ತ್ರಿ ಹಾಕಬಾರದೆಂದು ದೊಡ್ಡ ಅಕ್ಷರದಲ್ಲಿ ಬರೆದೇ ಕಳಿಸಿದಳು. ಪಟ್ಟಿ ಇಲ್ಲದೆ ಯಾರೂ ತೊಟ್ಟಿಯ ಹತ್ತಿರ ಹೋಗಕೂಡದೆಂದು ಸರ್ಕಾರದ ಅಧಿಕಾರಿಯೊಬ್ಬರು ಬಂದು ಹೇಳಿ ಹೋದರು. ಈ ಸಲ ಹೊಲಿಗೆ ಬೇರೆಯವರದು. ಪಟ್ಟಿಗಳು ಚೆನ್ನಾಗಿಯೇ ಕೆಲಸ ಮಾಡಿದವು. ಅದೇ ಕಷ್ಟವಾಯಿತು. ತೊಟ್ಟಿಯ ಹತ್ತಿರ ಹೋದರೆ ಸಾಕು, ಎಲ್ಲ ಕೆಂಪು. ತೊಟ್ಟಿಗೆ ಗಾಳಿ ಹಾಯಿಸುವ ಯಂತ್ರ ತರಿಸಿ ಎಂದರೆ ಮಾಲೀಕರಿಗೆ ಕಿವಿ ಕೇಳಿಸುವುದಿಲ್ಲ. ಕೆಂಪಾದವನಿಗೆ ಅಂದು ಕೆಲಸವಿಲ್ಲ, ಕೂಲಿಯೂ ಇಲ್ಲ.

ಒಂದು ಸಂಜೆ ಚೌಡೇಶ ಅಂಗಿ ಹಿಡಿದು ಬಂದ. ಉಳಿದಿಬ್ಬರೂ ತಮ್ಮ ಅಂಗಿ ಹಿಡಿದು ಬಾಗಿಲಲ್ಲೇ ತಲೆ ತಗ್ಗಿಸಿ ನಿಂತರು.

"ಲಕ್ಷ್ಮೀ, ಒಮ್ಮೆ ಇಸ್ತ್ರಿ ಹಾಕು."

"ಏನಂತೀರಿ ನೀವು? ಯಾಕ ಬಾಯಾಗ ಇಂಥ ಮಾತು?"

"ಹಸರಿದ್ರ ಒಳಗ ಬಿಡ್ತಾರ. ಇಲ್ಲಾಂದ್ರ ನಾಳಿಂದ ಬ್ಯಾರೆ ಊರವರನ್ನ ತರಸ್ತಾರಂತ. ನಾವು ನೋಡಿಕೊಂಡು ಇಳೀತೀವಿ."

"ಏನು ನೋಡಿಕೊಂಡು?"

ಅವಳು ಗೋಡೆಯ ಕಡೆ ತಿರುಗಿ ಕುಳಿತಳು. ಅವನೇ ದೀಪ ಕಿತ್ತಿಟ್ಟು, ಇಸ್ತ್ರಿಪೆಟ್ಟಿಗೆ ಬಿಸಿ ಮಾಡಿದ. ಎಂದೂ ಮಾಡದ ಕೆಲಸ. ನಡುವೆ ಬಟ್ಟೆ ಹಾಸದೆ ಅಂಗಿಯ ಮೇಲೆ ಪೆಟ್ಟಿಗೆ ಒತ್ತಿದ. ಕಮರು ವಾಸನೆ ಎದ್ದಿತು. ಪಟ್ಟಿಯೇ ಕರಗಿಹೋದರೆ ದೀಪ ಉರಿಯುವುದಿಲ್ಲ, ಕಳ್ಳತನ ಬಯಲಾಗುತ್ತದೆ, ಅವನ ಕೆಲಸವೂ ಹೋಗುತ್ತದೆ.

ಪ್ರಸನ್ನಲಕ್ಷ್ಮಿ ಎದ್ದು ಬಂದು ಅವನ ಕೈಯಿಂದ ಪೆಟ್ಟಿಗೆ ಕಿತ್ತುಕೊಂಡಳು. ಒದ್ದೆ ಬಟ್ಟೆ ಹಾಸಿದಳು. ಎರಡೆರಡು ಸಲ ಒತ್ತಿದಳು. ದೀಪ ಸಿಕ್ಕಿಸಿದಾಗ ಅದು ಹಸಿರಾಗಿ ಉರಿಯಿತು.

ಅಂಗಿ ಮಡಿಸಿ, ಅಂಗೈಯಿಂದ ಸವರಿ ಗಂಡನಿಗೆ ಕೊಟ್ಟಳು. ಆಮೇಲೆ ಬಾಗಿಲಲ್ಲಿ ನಿಂತವರ ಕಡೆ ಕೈ ಚಾಚಿದಳು.