ಎತ್ತಿಕೊಳ್ಳುವ ಕೈ

ಟೈಲರಮ್ಮನಿಗೆ ಸಾಕುಸಾಕಾಗಿತ್ತು. ಊರವರ ಬಟ್ಟೆ ಹೊಲಿಯುತ್ತ, ಮಕ್ಕಳ ಕಲ್ಯಾಣ ಇಲಾಖೆ ಕಳಿಸಿದ ದಿಕ್ಕಿಲ್ಲದ ಮಕ್ಕಳನ್ನು ಮನೆಯಲ್ಲಿಟ್ಟುಕೊಂಡು ಸಾಕುತ್ತ ಅವಳ ಸೊಂಟ ಎಂದೋ ರಾಜೀನಾಮೆ ಕೊಟ್ಟಿತ್ತು. ಈ ಸಲ ಬಂದದ್ದು ಒಬ್ಬಳಲ್ಲ, ಒಂದೂವರೆ: ಹದಿನೇಳರ ಹುಡುಗಿ, ಅವಳ ಕಂಕುಳಲ್ಲಿ ಅವಳದೇ ಕೂಸು ಗುಂಡ. ಹುಡುಗಿಯೋ ಚಿಕ್ಕಂದಿನಿಂದ ಚೀಲ ಹೊತ್ತುಕೊಂಡು ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗುತ್ತಲೇ ಬೆಳೆದವಳು. ಮಗುವನ್ನು ತಾನೇ ಸಂಭಾಳಿಸಿ ತೋರಿಸಿದರೆ ತಾಯಿ ಮಗು ಒಟ್ಟಿಗೆ; ಇಲ್ಲದಿದ್ದರೆ ಗುಂಡನಿಗೆ ಬೇರೆ ಮನೆ. ಇಲಾಖೆಯ ಮೇಡಂ ಮೊದಲ ದಿನವೇ ಹೇಳಿದ್ದರು, "ನೀವು ಅವಳಿಗೆ ಹೇಳ್ಕೊಡಿ. ನೀವೇ ಮಾಡೋಕ್ ಹೋಗ್ಬೇಡಿ."

ಹೇಳುವುದೇನು, ಸುಲಭ. ಹುಡುಗಿ ಹಾಲಿನ ಬಾಟಲಿ ಹಿಡಿದು ಪರದಾಡುವಷ್ಟರಲ್ಲಿ ಗುಂಡ ಕಿರುಚಿ ಕೆಂಪಾಗಿರುತ್ತಿದ್ದ. ಇತ್ತ ಹೊಲಿಗೆ ರಾಶಿ ಬಿದ್ದಿರುತ್ತಿತ್ತು. ಕಲಿಸಿಕೊಡುತ್ತ ಕಾಯುವಷ್ಟು ತ್ರಾಣ ಯಾರಿಗಿದೆ? "ಕೊಡು ಇಲ್ಲಿ" ಎಂದು ಇಸಿದುಕೊಂಡು ಬೆನ್ನಿಗೆ ಕಟ್ಟಿ ಮೆಷಿನ್ ತುಳಿಯಲು ಕೂತರೆ, ಆ ಕಟಕಟ ಸದ್ದಿಗೆ ಅವನು ನಿದ್ದೆ. ಹುಡುಗಿ ಬಾಗಿಲಿಗೊರಗಿ ನೋಡುತ್ತ ನಿಂತಿರುತ್ತಿದ್ದಳು. ಪಾಪ, ಅವಳಿಗೂ ಸ್ವಲ್ಪ ಆರಾಮ ಸಿಕ್ಕಿತು ಎಂದೇ ಟೈಲರಮ್ಮ ತಿಳಿದಿದ್ದಳು.

ಮೇಡಂ ಬಂದದ್ದು ಸರಿಯಾಗಿ ಗುಂಡನ ನಿದ್ದೆ ಹೊತ್ತಿಗೆ. ಹುಡುಗಿ ಎತ್ತಿದಳು, ತಟ್ಟಿದಳು, ಅಡ್ಡಾಡಿದಳು. ಆ ಪೋರ ಟೈಲರಮ್ಮನ ಕಡೆಗೆ ಮೈಯೆಲ್ಲ ಬಾಗಿಸಿ, ಕೈಚಾಚಿ, ಸೂರು ಹಾರಿಹೋಗುವಂತೆ ಅತ್ತ. ಟೈಲರಮ್ಮನ ಕೈ ತಾನಾಗಿಯೇ ಮುಂದೆ ಹೋಯಿತು. ಹೆಗಲಿಗೆ ಬಂದದ್ದೇ ತಡ, ಗಪ್‌ಚಿಪ್.

"ತಾಯಿ ಯಾರು ಅಂತ ಇವನಿಗೇ ಗೊತ್ತಿಲ್ವಲ್ಲ" ಎಂದರು ಮೇಡಂ. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ಮುಂದಿನ ವಾರ ಮತ್ತೆ ಬರ್ತೀನಿ. ಅಷ್ಟರೊಳಗೆ ಇವಳ ಹತ್ರ ಸುಮ್ಮನಾಗ್ದಿದ್ರೆ ಬೇರೆ ಕಡೆ ಕಳಿಸ್ಬೇಕಾಗತ್ತೆ. ಅಲ್ಲೀವರೆಗೂ ನೀವು ಮುಟ್ಬೇಡಿ."

ಮೇಡಂ ಹೋದ ಮೇಲೆ ಹುಡುಗಿ ಹೇಳಿದಳು, "ಎತ್ಕೊಳ್ಳಿ ಅಂತ ನಾನು ಕೇಳಿರ್ಲಿಲ್ಲ, ಆಂಟಿ."

ಉಪಕಾರ ಮಾಡಲು ಹೋಗಿ ಟೈಲರಮ್ಮ ಅವಳ ಮಗುವನ್ನೇ ಕಸಿದುಕೊಂಡಂತಾಗಿತ್ತು.

ಮರುದಿನ ಮಧ್ಯಾಹ್ನ ಮತ್ತೆ ಅದೇ ರಂಪ. ಗುಂಡ ಕೈಚಾಚಿ ಅಳುತ್ತಿದ್ದ; ಟೈಲರಮ್ಮ ಎರಡೂ ಕೈಗಳನ್ನು ತೊಡೆಯಡಿ ತುರುಕಿಕೊಂಡು ಕೂತಿದ್ದಳು. ಹುಡುಗಿ ಅಡ್ಡಾಡಿ ಅಡ್ಡಾಡಿ, ಕೊನೆಗೆ ಮಗುವನ್ನು ಹಿಡಿದುಕೊಂಡೇ ಗೋಡೆಗೊರಗಿ ನೆಲಕ್ಕೆ ಕುಸಿದು ಬಿಕ್ಕಿದಳು. "ನಂಗೆ ಬರಲ್ಲ ಆಂಟಿ. ಅತ್ತಾಗ ನನ್ನನ್ನ ಯಾರೂ ಎತ್ಕೊಂಡೇ ಇಲ್ಲ. ನಂಗೆ ಹೇಗೆ ಗೊತ್ತಾಗ್ಬೇಕು?"

ಟೈಲರಮ್ಮ ಎದ್ದಳು. ಬಂದಾಗಿನಿಂದ ಗುಂಡನನ್ನು ಎಷ್ಟು ಸಲ ಎತ್ತಿದ್ದಳೋ. ಈ ಹುಡುಗಿಯ ತಲೆಯನ್ನು ಒಂದು ಸಲವೂ ಸವರಿರಲಿಲ್ಲ. ನಾಚಿಕೆಯಾಯಿತು. ಪಕ್ಕದಲ್ಲಿ ಕೂತು ಅವಳನ್ನು ಎದೆಗೆ ಎಳೆದುಕೊಂಡಳು. ಹುಡುಗಿ ಸೆಟೆದಳು.

"ಮೇಡಂ ಮುಟ್ಬೇಡಿ ಅಂದಿದಾರೆ, ಆಂಟಿ."

"ಅವನನ್ನ ಮುಟ್ಬೇಡಿ ಅಂದಿದ್ದು ಕಣೇ. ನಿನ್ನನ್ನಲ್ಲ."

ಟೈಲರಮ್ಮ ಅವಳ ಬೆನ್ನು ತಟ್ಟುತ್ತ ಕೂತಳು. ಎಷ್ಟೋ ಹೊತ್ತಿನ ಮೇಲೆ ಹುಡುಗಿಯ ಭುಜ ಸಡಿಲವಾಯಿತು, ಬಿಕ್ಕುವುದು ನಿಂತಿತು. ಅವಳ ಕೈ, ಅವಳಿಗೇ ಅರಿವಿಲ್ಲದೆ, ಗುಂಡನ ಬೆನ್ನನ್ನು ಹಾಗೆಯೇ ತಟ್ಟತೊಡಗಿತು. ಅವನಿನ್ನೂ ಅಳುತ್ತಿದ್ದ. ಆದರೆ ಮುಖ ಈಗ ತಾಯಿಯ ಕಡೆಗಿತ್ತು.