ಶಿಗೆಜೊನ ಮಬ್ಬು ಭರಣಿ

ಶಿಗೆಜೊ ತೀರಿಕೊಂಡ ಸುದ್ದಿ ಬಂದಾಗ ಅವನ ಹೆಂಡತಿ ಕಿನುಯೊ ಅವನನ್ನೇ ಆಡಿಕೊಂಡು ಜನರನ್ನು ನಗಿಸುತ್ತಿದ್ದಳು.

ಮಳೆ ಹಿಡಿದ ಮೊದಲ ವಾರ. ಜಪಾನಿನ ಮಿನಾಬೆಯ ಗುಡ್ಡಗಳಲ್ಲಿ ಊಮೆ ಎಂಬ ಹುಳಿಹಣ್ಣಿನ ಸುಗ್ಗಿ. ಪ್ರವಾಸಿಗಳ ಬಸ್ಸು ಬಂದಿತ್ತು. ಮನೆಯ ಪಕ್ಕದ ಚಪ್ಪರದಲ್ಲಿ ಉದ್ದನೆಯ ಮೇಜುಗಳ ಎರಡೂ ಬದಿಗೆ ಜನ ಕುಳಿತಿದ್ದರು. ಒಬ್ಬೊಬ್ಬರ ಮುಂದೆಯೂ ಒಂದು ಗಾಜಿನ ಭರಣಿ, ಒಂದು ಬುಟ್ಟಿ ಹಸಿರು ಊಮೆ, ಕಲ್ಲುಸಕ್ಕರೆ, ನೀರಿನಂತೆ ಕಾಣುವ ಘಾಟು ಮದ್ಯ. ತಮ್ಮ ಕೈಯಾರೆ ಊಮೆ ಮದ್ಯ ಹಾಕಿ, ಭರಣಿಯನ್ನು ಊರಿಗೆ ಒಯ್ದು, ವರ್ಷ ಕಳೆದ ಮೇಲೆ ಕುಡಿಯಬೇಕೆಂದು ಬಂದವರು ಅವರು. ಕಾಯಿಯ ತೊಟ್ಟನ್ನು ಬಿದಿರುಕಡ್ಡಿಯಿಂದ ಎಬ್ಬಿಸುವುದು, ಬೂಸಲು ಬಾರದಂತೆ ತೇವವೆಲ್ಲ ಒರೆಸುವುದು, ಕಾಯಿಯ ಮೇಲೆ ಸಕ್ಕರೆ, ಸಕ್ಕರೆಯ ಮೇಲೆ ಕಾಯಿ ಎಂದು ಜೋಡಿಸುವುದು, ಎಲ್ಲವನ್ನೂ ಕಿನುಯೊ ಹೇಳಿಕೊಟ್ಟಳು. ಕೊನೆಗೆ ಪ್ರತಿ ಸಲದಂತೆ ಕಪಾಟಿನಿಂದ ಗಂಡನ ಭರಣಿಯನ್ನು ತೆಗೆದು ಎತ್ತಿ ಹಿಡಿದಳು.

"ಹಸಿರು ಕಾಯೇ ಯಾಕೆ ಅಂತ ಕೇಳ್ತೀರಲ್ಲ, ಇಲ್ಲಿ ನೋಡಿ, ಹೇಗೆ ಮಬ್ಬಾಗಿದೆ. ಇದು ನಮ್ಮನೆ ಯಜಮಾನ್ರ ಕೈಚಳಕ. ಮರದಿಂದ ಉದುರಿ ಬಲೆಗೆ ಬಿದ್ದ ಹಣ್ಣನ್ನೇ ತಂದು ಹಾಕಿದ್ದಾರೆ. ಇದು ಊಮೆ ಮದ್ಯಾನೋ, ಪಾತ್ರೆ ತೊಳೆದ ನೀರೋ, ನೀವೇ ಹೇಳಿ. ಇಂಥವರನ್ನ ಕಟ್ಟಿಕೊಂಡು ಇಷ್ಟು ಕಾಲ ಬಾಳಿದ್ದೀನಿ, ನಂಗೇನು ಬಿರುದು ಕೊಡ್ತೀರಿ?"

ಎಲ್ಲರೂ ನಕ್ಕರು. ನಗು ಇನ್ನೂ ನಿಂತಿರಲಿಲ್ಲ, ಶಿಗೆಜೊನನ್ನು ಅಣ್ಣ ಎಂದೇ ಕರೆಯುತ್ತಿದ್ದ ಪಕ್ಕದ ತೋಟದ ಯಾಸುಕಿಚಿ ಚಪ್ಪರದ ಬಾಗಿಲಿಗೆ ಬಂದು ನಿಂತ. ತಲೆಗೆ ಸುತ್ತಿದ್ದ ಟವಲನ್ನು ಬಿಚ್ಚಿ ಕೈಯಲ್ಲಿ ಹಿಂಡುತ್ತಿದ್ದ.

"ಅಕ್ಕಾ, ಸ್ವಲ್ಪ ಹೊರಗೆ ಬನ್ನಿ."

"ಯಾಕೆ ಯಾಸು, ಮತ್ತೆ ಏಣಿ ಮುರಿದರಾ ನಿಮ್ಮಣ್ಣ?" ಎಂದು ಕಿನುಯೊ ಅದೇ ದನಿಯಲ್ಲಿ ಕೇಳಿದಳು. ಜನ ಇನ್ನೊಮ್ಮೆ ನಕ್ಕರು.

"ಬನ್ನಿ ಅಕ್ಕಾ" ಎಂದಷ್ಟೇ ಹೇಳಿ ಅವನು ನೆಲ ನೋಡಿದ.

ಶಿಗೆಜೊ ಮೇಲಿನ ತೋಟದಲ್ಲಿ, ಮರದ ಕೆಳಗೆ ಹಾಸಿದ ನೀಲಿ ಬಲೆಯ ಮೇಲೆ ಮಗ್ಗುಲಾಗಿ ಮಲಗಿದ್ದ. ಎದೆಬಡಿತ ನಿಂತು ಬಹಳ ಹೊತ್ತಾಗಿತ್ತೆಂದು ಡಾಕ್ಟರು ಹೇಳಿದರು. ಹಾಗಾದರೆ ತಾನು ಭರಣಿಯನ್ನು ಎತ್ತಿ ಹಿಡಿದಾಗ ಅವನು ಆಗಲೇ ಇರಲಿಲ್ಲ.

ತನ್ನವರನ್ನು ಹೊರಗಿನವರ ಮುಂದೆ ಹೊಗಳಬಾರದು ಎಂದು ಕಿನುಯೊಗೆ ತಾಯಿ ಕಲಿಸಿದ್ದಳು. ಆ ಸೀಮೆಯ ತಾಯಂದಿರೆಲ್ಲ ಕಲಿಸುವುದು ಅದನ್ನೇ. ಮಗ ಜಾಣ ಎಂದು ಯಾರಾದರೂ ಅಂದರೆ "ಅಯ್ಯೋ, ಅದೊಂದು ಪೆದ್ದು" ಎನ್ನಬೇಕು. ಅಡುಗೆ ಚೆನ್ನಾಗಿದೆ ಎಂದರೆ "ಬಾಯಿಗಿಡುವ ಹಾಗಿಲ್ಲ" ಎನ್ನಬೇಕು. ಅದು ಮರ್ಯಾದೆ. ಆಡುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು, ಆ ಮಾತು ನಿಜವಲ್ಲವೆಂದು. ಆದರೆ ಹೊರಗಿನವರು ಹೋದ ಮೇಲೆ ಕದ ಹಾಕಿಕೊಂಡು ಒಂದು ಒಳ್ಳೆಯ ಮಾತಾಡಬೇಕೆಂದು ಯಾವ ತಾಯಿಯೂ ಕಲಿಸುವುದಿಲ್ಲ.

ಶಿಗೆಜೊ ಆ ಪರಿಹಾಸ್ಯಕ್ಕೆ ಎಂದೂ ಮುಖ ಗಂಟಿಕ್ಕಿದವನಲ್ಲ. ಬುಟ್ಟಿ ಹೊತ್ತು ಆ ಕಡೆ ಬಂದರೆ, "ಹೌದು ಸ್ವಾಮಿ, ಪಾತ್ರೆ ತೊಳೆಯೋನು ನಾನೇ" ಎಂದು ತಲೆಬಾಗಿ ಹೋಗುತ್ತಿದ್ದ. ಸಂಜೆ ಊಟಕ್ಕೆ ಕುಳಿತಾಗ ಮಾತ್ರ ಪುಟ್ಟ ಬಟ್ಟಲಲ್ಲಿ ತನ್ನ ಮದ್ಯ ಒಂದಿಷ್ಟು ಬಗ್ಗಿಸಿ ಅವಳತ್ತ ಸರಿಸುತ್ತಿದ್ದ.

"ಒಂದ್ಸಲ ನಾಲಿಗೆಗೆ ಮುಟ್ಟಿಸಿ ನೋಡೇ. ಹೋಗಲಿ, ವಾಸನೆ ಆದ್ರೂ ನೋಡು."

"ನಿಮ್ಮ ಕೆಸರುನೀರು ನಂಗ್ಯಾಕೆ? ನೀವೇ ಕುಡೀರಿ."

"ಆಯ್ತು ಮಾರಾಯ್ತಿ. ನಂಗೇ ಜಾಸ್ತಿ ಉಳೀತು."

ಇಷ್ಟು ವರ್ಷದಲ್ಲಿ ಒಮ್ಮೆಯಾದರೂ ಅವಳು ಆ ಬಟ್ಟಲನ್ನು ಕೈಗೆತ್ತಿಕೊಳ್ಳಲಿಲ್ಲ. ಹಟವೂ ಅಲ್ಲ, ಸಿಟ್ಟೂ ಅಲ್ಲ. ಹಗಲಲ್ಲಿ ಆಡಿದ ಮಾತು ಸಂಜೆಯ ಹೊತ್ತಿಗೆ ಅವಳಿಗೇ ನಿಜವಾಗಿಬಿಟ್ಟಿತ್ತು.

ಏಳನೆಯ ದಿನದ ಪೂಜೆ ಮುಗಿದ ಮೇಲೆ ಆ ಭರಣಿಯನ್ನು ಕಂಡರೆ ಅವಳಿಗೆ ಚಪ್ಪರದ ನಗುವೇ ಕೇಳಿಸತೊಡಗಿತು. ಅವನು ಹಾಕಿದ್ದರಲ್ಲಿ ಉಳಿದಿದ್ದುದು ಅದೊಂದೇ. ಒಂದು ಬೆಳಿಗ್ಗೆ ಅದನ್ನು ಹಿತ್ತಲಿಗೆ ಒಯ್ದು ಮೋರಿಗೆ ಬಗ್ಗಿಸಿದಳು. ಬಗ್ಗಿಸುತ್ತಿದ್ದಂತೆ ಪರಿಮಳ ಎದ್ದಿತು. ಹಸಿರು ಕಾಯಿಯ ಚುರುಕು ವಾಸನೆಯಲ್ಲ, ಮರದಲ್ಲೇ ಪೂರ್ತಿ ಮಾಗಿದ ಹಣ್ಣಿನದು, ಮೆತ್ತಗೆ, ತುಂಬಾ ಸಿಹಿಯಾಗಿ. ಅವಳು ಭರಣಿಯನ್ನು ನೆಟ್ಟಗೆ ಹಿಡಿಯುವಷ್ಟರಲ್ಲಿ ತಳದಲ್ಲಿ ಸುಕ್ಕುಬಿದ್ದ ಹಣ್ಣುಗಳು ಕೂಡ ಜಾರಿ ಹೋಗಿದ್ದವು.

ಮರುವರ್ಷ ಸುಗ್ಗಿ ಬಂತು. ವರುಷದ ಪೂಜೆಗೆ ಗುರುಗಳಿಗೆ ಹೇಳಿಯಾಗಿತ್ತು. ಪ್ರವಾಸಿಗಳೂ ಬರತೊಡಗಿದ್ದರು.

"ಅತ್ತೆ, ಈ ವರ್ಷ ನಾನೇ ಹೇಳಿಕೊಡ್ಲಾ? ನೀವು ಒಳಗೆ ಕೂತಿರಿ" ಎಂದಳು ಸೊಸೆ ಚಿಹಾರು.

"ಒಳಗೆ ಕೂತು ಗೋಡೆ ಎಣಿಸ್ಲಾ? ಬೇಡ, ನಾನೇ ಮಾಡ್ತೀನಿ."

ಮೊದಲ ಬಸ್ಸು ಬರುವ ಬೆಳಿಗ್ಗೆ ಯಾಸುಕಿಚಿ ಬುಟ್ಟಿಗಳನ್ನು ಇಳಿಸಲು ಬಂದ. ಹಸಿರು ಕಾಯಿಯ ಬುಟ್ಟಿಗಳು, ಜೊತೆಗೆ ಉಪ್ಪಿಗೆ ಹಾಕಬೇಕಾದ ಹಳದಿ ಹಣ್ಣಿನದೊಂದು. ಅದನ್ನು ಇಳಿಸಿ ನಿಟ್ಟುಸಿರಿಟ್ಟ.

"ಈ ಸಲ ಸುಗ್ಗಿ ಮುಗಿದು ಬಲೆ ಮಡಚೋ ದಿನ ಸಪ್ಪೆ ಅಕ್ಕಾ. ಅಣ್ಣ ಇಲ್ಲ, ಅಣ್ಣನ ಮದ್ಯಾನೂ ಇಲ್ಲ."

"ನೀನು ಕುಡಿದಿದ್ದೀಯಾ ಅದನ್ನ?"

"ಕುಡಿದಿದ್ದೀಯಾ ಅಂದ್ರೆ? ಪ್ರತಿ ವರ್ಷ ಕೂಲಿಯವರಿಗೆಲ್ಲ ಒಂದೊಂದು ಲೋಟ ಕೊಡೋರು. ಅದಕ್ಕಾಗೇ ಕೆಲವರು ನಿಮ್ಮ ತೋಟಕ್ಕೆ ಬರ್ತಿದ್ರು."

"ಹೇಗಿರ್ತಿತ್ತು?"

ಯಾಸುಕಿಚಿ ಅವಳ ಮುಖ ನೋಡಿದ. "ನನ್ನ ಕೇಳ್ತೀರಲ್ಲ! ನೀವು ದಿನಾ ಕುಡೀತಿರಲಿಲ್ವಾ? ಅಣ್ಣ ಹೇಳ್ತಿದ್ರು, 'ಅವಳು ಹೊರಗೆ ಬೈತಾಳೆ ಕಣೋ, ಮನೇಲಿ ಎರಡನೇ ಬಟ್ಟಲು ಕೇಳ್ತಾಳೆ' ಅಂತ. ನಮ್ಮವಳಿಗೂ ಅದನ್ನೇ ಹೇಳಿ ನಗಾಡ್ತಿದ್ದೆ ನಾನು."

ಕಿನುಯೊ ಹಳದಿ ಹಣ್ಣಿನ ಬುಟ್ಟಿಯ ಪಕ್ಕದಲ್ಲೇ ಕುಳಿತುಬಿಟ್ಟಳು.

"ಹೌದು" ಎಂದಳು. "ಕೇಳ್ತಿದ್ದೆ." ಯಾಸುಕಿಚಿ ಹೋಗುವವರೆಗೂ ತಲೆ ಎತ್ತಲಿಲ್ಲ.

ಬಸ್ಸು ಬಂತು. ಒಸಾಕಾದಿಂದ ಬಂದ ದಂಪತಿ ಅವಳ ಎದುರಿಗೇ ಕುಳಿತಿದ್ದರು. ಹೆಂಗಸು ಮಾತಿನಮಲ್ಲಿ, ಗಂಡ ಮೌನಿ. ಎಲ್ಲರೂ ಹಸಿರು ಕಾಯಿ ಒರೆಸುತ್ತಿದ್ದಾಗ ಆ ಗಂಡಸು ಮೆಲ್ಲನೆ ಎದ್ದು, ಮೂಲೆಯ ಬುಟ್ಟಿಯಿಂದ ಒಂದು ಬೊಗಸೆ ಹಳದಿ ಹಣ್ಣು ತಂದು ತನ್ನ ಭರಣಿಗೆ ಹಾಕತೊಡಗಿದ.

"ನೋಡ್ರಿ, ನೋಡ್ರಿ!" ಎಂದು ಹೆಂಡತಿ ಕೂಗಿದಳು. "ಹಸಿರು ಯಾವ್ದು ಹಳದಿ ಯಾವ್ದು ಅಂತ ಗೊತ್ತಾಗದ ಮನುಷ್ಯ. ಅಕ್ಕಿ ತೊಳೀರಿ ಅಂದ್ರೆ ಸೋಪು ಹುಡುಕೋ ಪೈಕಿ!"

ಜನ ನಕ್ಕರು. ಗಂಡನೂ ತಲೆ ಕೆರೆದುಕೊಂಡು ನಕ್ಕ. ಎಲ್ಲರೂ ಕಿನುಯೊ ಏನನ್ನುವಳೋ ಎಂದು ಅವಳತ್ತ ನೋಡಿದರು. ಸೊಸೆ ಮಾತು ತೇಲಿಸಲೆಂದು ಮುಂದೆ ಬಂದಳು. ಕಿನುಯೊ ಕೈಯೆತ್ತಿ ತಡೆದಳು.

"ಹಾಕ್ಲಿ ಬಿಡಮ್ಮ. ಹಣ್ಣು ಹಾಕಿದ್ರೆ ಸ್ವಲ್ಪ ಮಬ್ಬಾಗುತ್ತೆ, ಅಷ್ಟೇ."

"ರುಚಿ ಕೆಡಲ್ವಾ ಅಜ್ಜಿ?"

"ಕೆಡಲ್ಲವಂತೆ. ನಮ್ಮ ಯಜಮಾನ್ರು ಹಣ್ಣಿಂದೇ ಮಾಡ್ತಿದ್ರು. ಬಹಳ ಚೆನ್ನಾಗಿ ಮಾಡ್ತಿದ್ರು. ಊರೆಲ್ಲ ಕುಡಿದಿದೆ. ನಾನು ಮಾತ್ರ ಕುಡೀಲಿಲ್ಲ."

ತನ್ನ ಗಂಡನನ್ನು ಹೀಗೆ ನಾಲ್ಕು ಜನರ ನಡುವೆ ಹೊಗಳುವ ಮುದುಕಿಯನ್ನು ಚಪ್ಪರದಲ್ಲಿದ್ದವರು ಕಂಡಿರಲಿಲ್ಲ. ಎಲ್ಲಿ ನೋಡಬೇಕೆಂದು ತಿಳಿಯದೆ ಕೆಲವರು ಒರೆಸಿದ ಕಾಯನ್ನೇ ಮತ್ತೆ ಒರೆಸಿದರು.

"ಈಗ ಯಜಮಾನ್ರು..." ಎಂದು ಆ ಹೆಂಗಸು ದನಿ ತಗ್ಗಿಸಿದಳು.

"ಹೋದ ವರ್ಷ ತೀರಿಕೊಂಡ್ರು. ನೀವು ಕೂತಿದ್ದೀರಲ್ಲ, ಹೀಗೇ ಜನ ಕೂತಿದ್ರು. ನಾನು ಅವರನ್ನ ಆಡಿಕೊಂಡು ನಗ್ತಾ ಇದ್ದೆ."

ಗಂಡನ ಹಣ್ಣುಗಳು ಒದ್ದೆಯಾಗಿದ್ದವು. ಹೆಂಗಸು ಅವುಗಳನ್ನು ತನ್ನತ್ತ ಎಳೆದುಕೊಂಡು, ಸಿಪ್ಪೆ ತುಂಬ ಮೆತ್ತಗಿದ್ದುದರಿಂದ ಮಗುವಿನ ಕೆನ್ನೆ ಒರೆಸುವಂತೆ ಒಂದೊಂದಾಗಿ ಒರೆಸಿಕೊಟ್ಟಳು. ಬಸ್ಸು ಹತ್ತುವಾಗ ಅವಳು ತಲೆಬಾಗಿ ವಂದಿಸಿದಳು. ಕಿನುಯೊ ಅವಳ ಕೈ ಹಿಡಿದಳು.

"ಮುಂದಿನ ವರ್ಷ ನೀನೂ ಒಂದು ಗುಟುಕು ಕುಡಿಯಮ್ಮ. ಚೆನ್ನಾಗಿದ್ರೆ ಅವರಿಗೆ ಹೇಳು. ಜನರ ಮುಂದೆ ಬೇಡ, ಮನೇಲಾದ್ರೂ ಹೇಳು."

ಅಂದು ಸಂಜೆ ಅವಳು ಮನೆಯೊಳಗಿನ ಬುದ್ಧನ ಗೂಡಿನ ಮುಂದೆ ಗಂಡನಿಗೆಂದು ಅನ್ನ, ಚಹಾ ಇಟ್ಟು ಊದುಬತ್ತಿ ಹಚ್ಚಿದಳು. ಕುಡಿಯಲು ಅವನಿಗೆ ಪ್ರಿಯವಾದುದನ್ನು ಇಡೋಣವೆಂದರೆ ಮನೆಯಲ್ಲಿ ಅದರ ಒಂದು ಹನಿಯೂ ಇರಲಿಲ್ಲ. ಪುಟ್ಟ ಗಂಟೆಯನ್ನು ಬಾರಿಸಿ, ಅದರ ನಾದ ಪೂರ್ತಿ ಆರುವವರೆಗೆ ಕಾದು, ಕೈಮುಗಿದು ತಲೆಬಾಗಿದಳು.

"ಅಮಿದ ಬುದ್ಧನೇ, ಅವರನ್ನ ನಿನ್ನ ನೆರಳಲ್ಲಿ ಇಟ್ಕೋ. ಬಹಳ ದುಡಿದ ಮೈ, ಇನ್ನು ದಣಿವಾಗದ ಹಾಗೆ ನೋಡ್ಕೋ. ನನ್ನ ಮರ್ಯಾದೆ ಉಳಿಸೋಕೆ ಅವರು ಊರಿಗೆಲ್ಲ ಒಂದು ಸುಳ್ಳು ಹೇಳಿದ್ರು. ಅದನ್ನ ಅವರ ಪಾಪಕ್ಕೆ ಸೇರಿಸಬೇಡ ತಂದೆ, ನನ್ನ ಪಾಪಕ್ಕೆ ಸೇರಿಸ್ಕೋ. ಅವರ ಆತ್ಮಕ್ಕೆ ಶಾಂತಿ ಕೊಡು."