ಗುರುತು ಹಾಕದ ಮಾತು

ತೊಂಬತ್ತೆರಡರಲ್ಲಿ ಪವಾಯಿಯ ಲ್ಯಾಬೊಂದರಲ್ಲಿ ಸುಮಿತ್ರಾಳ ಕೆಲಸ, ಕಣ್ಣಿಲ್ಲದವರಿಗಾಗಿ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸುವುದು. ಓದಿ ಹೇಳುವ ಯಂತ್ರಕ್ಕೆ ಸ್ವಂತ ಬುದ್ಧಿ ಇಲ್ಲ. ಇದು ಕನ್ನಡ, ಇದು ಮರಾಠಿ ಎಂದು ಭಾಷೆ ಬದಲಾದಲ್ಲೆಲ್ಲ ಗುರುತು ಹಾಕಿಕೊಡಬೇಕು. ಗುರುತಿಗೆ ಹೊಂದದ ಅಕ್ಷರ ಬಂದರೆ ಮಹಾರಾಯ ತೆಪ್ಪಗೆ ದಾಟಿಕೊಂಡು ಹೋಗುತ್ತಾನೆ.

ಆ ಶನಿವಾರ ಅವಳು ಮುಲುಂಡಿನಿಂದ ಅಪ್ಪನನ್ನು ಕರೆತಂದಿದ್ದಳು. ನಂಜುಂಡಯ್ಯನವರಿಗೆ ಈಗ ಕಣ್ಣು ಕಾಣದು. ಅದಕ್ಕೂ ಮೊದಲೇ ಮಗ ನಾಣಿ ಲೋಕಲ್ ರೈಲಿನಿಂದ ಬಿದ್ದು ಸತ್ತಿದ್ದ. ಆ ಬೆಳಿಗ್ಗೆ, ಮನೆಯಲ್ಲೂ ಮರಾಠಿ ಆಡುತ್ತಾನೆಂದು ಅವನ ಮೇಲೆ ರೇಗಿ ಇವರು ಕೋಣೆಯ ಬಾಗಿಲು ಹಾಕಿಕೊಂಡಿದ್ದರು. ಹುಡುಗ ತನಗೊಂದು ಮಾತೂ ಹೇಳದೆ ಹೋದನೇ ಎಂಬ ಕೊರಗು ಅವರನ್ನು ಒಳಗೊಳಗೇ ತಿನ್ನುತ್ತಿತ್ತು. ಹೆಂಡತಿಯನ್ನು ಕೇಳುವ ಧೈರ್ಯ ಕೊನೆಗೂ ಬರಲಿಲ್ಲ. ಆಕೆ ಸಾಯುವ ಮುಂಚೆ ಕನ್ನಡ ಸಂಘದ ಸಂಚಿಕೆಗೆ ಆ ಬೆಳಗನ್ನು ಕುರಿತು ಬರೆದಿದ್ದಳು. ಸುಮಿತ್ರಾ ಓದಿ ಹೇಳಲು ಹೋದರೆ ಎರಡು ಸಾಲಿಗೇ ಅಳು ಬರುತ್ತಿತ್ತು. ಯಂತ್ರವಾದರೆ ಅಳುವುದಿಲ್ಲ.

ಯಂತ್ರ ಓದಿತು: "ನಾಣಿ ಡಬ್ಬಿ ತೆಗೆದುಕೊಂಡ. ಅವರ ಕೋಣೆಯ ಬಾಗಿಲಲ್ಲಿ ನಿಂತ. ಮೆಟ್ಟಿಲಿಳಿದು ಹೋದ."

"ನಿಂತು, ಹಾಗೇ ಹೋಗ್ಬಿಟ್ಟ," ಎಂದರು ನಂಜುಂಡಯ್ಯ.

ಸುಮಿತ್ರಾ ಪರದೆಯ ಕಡೆ ತಿರುಗಿದಳು. ಯಂತ್ರ ಓದಿದ ಕೊನೆಯ ಎರಡು ವಾಕ್ಯಗಳ ನಡುವೆ ನಾಣಿ ಮೆಲ್ಲಗೆ ಆಡಿದ ಮಾತಿತ್ತು. ಅವನು ಆಡಿದಂತೆಯೇ ಅಮ್ಮ ಅದನ್ನು ಮರಾಠಿಯಲ್ಲಿ, ಮರಾಠಿ ಅಕ್ಷರದಲ್ಲೇ ಬರೆದಿದ್ದಳು. ಇವಳು ಇಡೀ ಲೇಖನಕ್ಕೆ ಕನ್ನಡದ ಗುರುತೊಂದನ್ನೇ ಹಾಕಿದ್ದಳು. ಊರವರ ಪುಸ್ತಕದಲ್ಲಿ ಎಂದೂ ತಪ್ಪದವಳು ಸ್ವಂತ ಮನೆಯ ಮಾತಿನಲ್ಲಿ ತಪ್ಪಿದ್ದಳು. ಅಮ್ಮನ ಕನ್ನಡ, ಅಣ್ಣನ ಮರಾಠಿ ಎರಡನ್ನೂ ಒಂದೇ ಅಡುಗೆಮನೆಯಲ್ಲಿ ಕೇಳಿ ಬೆಳೆದವಳಿಗೆ ಅವು ಬೇರೆ ಎಂದು ತೋರಿರಲೇ ಇಲ್ಲ.

"ಅವ್ನು ಹೇಳೇ ಹೋದ ಅಪ್ಪ. ಮಿಷಿನ್ ಅದನ್ನ ಬಿಟ್ಬಿಡ್ತು."

"ನನ್ನ ಸಮಾಧಾನಕ್ಕೆ ಹೇಳ್ಬೇಡಮ್ಮ. ಮಿಷಿನ್ನಿಗೇನು ಸುಳ್ಳು ಹೇಳಕ್ಕೆ ಬರತ್ತ?"

ಸುಮಿತ್ರಾ ಕಣ್ಣೊರೆಸಿಕೊಂಡು, ಅಣ್ಣನ ಮಾತಿನ ಆಚೆ ಈಚೆ ಮರಾಠಿಯ ಗುರುತು ಹಾಕಿ ಯಂತ್ರವನ್ನು ಪುನಃ ಓಡಿಸಿದಳು. ಬಾಗಿಲಲ್ಲಿ ನಿಂತ ಎಂದಿತು ಯಂತ್ರ. ಆಮೇಲೆ, ಏರಿಳಿತವಿಲ್ಲದ ಅದೇ ದನಿಯಲ್ಲಿ, "ಬಾಬಾ, ಮೀ ಯೇತೋ" ಎಂದಿತು.

ಅಪ್ಪಾ, ಹೋಗಿ ಬರುತ್ತೇನೆ.

ಮಗ ಬದುಕಿದ್ದಾಗ ಅವನ ಮರಾಠಿಗೆ ಒಮ್ಮೆಯೂ ಓಗೊಡದ ನಂಜುಂಡಯ್ಯ ಈಗ ಯಂತ್ರದ ಕಡೆ ಮುಖ ತಿರುಗಿಸಿ, ಬಾ ಮಗು, ಬೇಗ ಬಾ ಎಂದು ತಡವರಿಸುತ್ತ ಮರಾಠಿಯಲ್ಲೇ ಹೇಳಿದರು:

"ಯೇ ಬಾಳಾ. ಲವ್ಕರ್ ಯೇ."